ಮಂಜುಗಡ್ಡೆಯ ನಡುವೆ ತೆರೆದ ನೀರು: ಒಂದು ಪಾಠಾನುಭವ

ದೊಡ್ಡಉಳ್ಳಾರ್ತಿಯ ಬೋಧನಾಭ್ಯಾಸದಲ್ಲಿ ಒಂಬತ್ತನೇ ತರಗತಿಗೆ ನಾನು ಆಯ್ದುಕೊಂಡ ವಿಷಯ ‘ಪಾಲಿನ್ಯಾ’. ಧ್ರುವಸಾಗರದ ಮಂಜುಗಡ್ಡೆಯ ಹಾಸಿನ ನಡುವೆ ತೆರೆದುಕೊಳ್ಳುವ ನೀರಿನ ಪ್ರದೇಶಕ್ಕೆ ಈ ಹೆಸರು. 1974ರಿಂದ 1976ರವರೆಗೆ ಅಂಟಾರ್ಕ್ಟಿಕಾದ ವೆಡೆಲ್ ಸಮುದ್ರದಲ್ಲಿ ಪ್ರತಿ ಚಳಿಗಾಲವೂ ಕರ್ನಾಟಕಕ್ಕಿಂತ ದೊಡ್ಡ ಪಾಲಿನ್ಯಾ ಕಾಣಿಸಿತು.

‘ಬಿಸಿಲಿಗೆ ಕರಗಿರಬೇಕು’ ಎಂದರು ಮಕ್ಕಳು. ‘ಸೂರ್ಯ ದಿಗಂತ ಬಿಟ್ಟು ಮೇಲೇರದ ಚಳಿಗಾಲದಲ್ಲಿಯೇ?’ ಎಂದು ಕೇಳಿ ಎರಡು ಗಾಜಿನ ಲೋಟ ಇಟ್ಟೆ.

ಚಟುವಟಿಕೆ: ಉಪ್ಪುನೀರಿನ ಮೇಲೆ ಚಮಚದಿಂದ ಮೆಲ್ಲಗೆ ಬಿಟ್ಟ ಬಣ್ಣದ ಸಿಹಿನೀರು ಮೇಲೆಯೇ ನಿಂತಿತು. ಸಿಹಿನೀರಿಗೆ ಬಿಟ್ಟ ಬಣ್ಣದ ಉಪ್ಪುನೀರು ತಳಕ್ಕಿಳಿಯಿತು.

ವಿವರಣೆ: ವೆಡೆಲ್ ಸಮುದ್ರದಲ್ಲಿ ಉಪ್ಪು ಕಡಿಮೆಯಿರುವ ಮೇಲ್ಪದರವು ಆಳದ ಬೆಚ್ಚನೆಯ ನೀರಿಗೆ ಮುಚ್ಚಳದಂತಿದೆ. ಪಶ್ಚಿಮ ಮಾರುತಗಳು ದುರ್ಬಲವಾಗಿ ಹಿಮಪಾತ ಕಡಿಮೆಯಾದರೆ ಮೇಲ್ಪದರದ ಉಪ್ಪು ಹೆಚ್ಚುತ್ತದೆ. ಆ ನೀರು ಮುಳುಗಿ, ಬೆಚ್ಚನೆಯ ನೀರು ಮೇಲೆದ್ದು ಮಂಜುಗಡ್ಡೆಯನ್ನು ಕರಗಿಸುತ್ತದೆ. 1970ರ ದಶಕದ ಪಾಲಿನ್ಯಾಕ್ಕೆ ವಿಜ್ಞಾನಿಗಳು ಕೊಡುವ ಒಂದು ವಿವರಣೆ ಇದು. ಅದೇ ಸಮುದ್ರದಲ್ಲಿ 2016, 2017ರಲ್ಲಿ ಮತ್ತೆ ಪಾಲಿನ್ಯಾ ತೆರೆದಾಗ ಪ್ರಬಲ ಬಿರುಗಾಳಿಗಳೂ ಕಾರಣವಾದವು.

‘ಮಳೆ ಹೋದ್ರೆ ನಮ್ ಬಾವಿ ನೀರೂ ಉಪ್ಪಾಗ್ತದೆ’ ಎಂದಳು ಒಬ್ಬ ವಿದ್ಯಾರ್ಥಿನಿ. ಬಾವಿಯ ಕಾರಣ ಬೇರೆಯಾದರೂ, ಹವಾಮಾನವು ಶಾಖದಿಂದ ಮಾತ್ರವಲ್ಲ, ಉಪ್ಪಿನ ಮೂಲಕವೂ ಕೆಲಸ ಮಾಡುತ್ತದೆಂಬುದು ಅವಳಿಗೆ ಹೊಳೆದಿತ್ತು.

ಮೌಲ್ಯಮಾಪನ: ಅಲ್ಲಿ ಹಿಮಪಾತ ಹೆಚ್ಚಿದರೆ ಪಾಲಿನ್ಯಾ ತೆರೆಯುವುದು ಸುಲಭವೋ, ಕಷ್ಟವೋ? ಲೋಟ ತೋರಿಸಿ ಉತ್ತರಿಸಿ.