ಆಜ್ಞೆ ಮತ್ತು ಅಂತಃಸಾಕ್ಷಿ

ಒಡೆಯನ ಆಜ್ಞೆಯೂ ಅಂತಃಸಾಕ್ಷಿಯೂ ಪರಸ್ಪರ ವಿರುದ್ಧವಾದಾಗ ಅಧಿಕಾರಸ್ಥನು ಏನು ಮಾಡಬೇಕು? ಜರ್ಮನಿಯ ಕೌಂಟ್ ಫ್ರೀಡ್ರಿಕ್ ವೆರ್ನರ್ ಫಾನ್ ಡೆರ್ ಶೂಲೆನ್‌ಬುರ್ಗ್ ಅವರ ಜೀವನವು ಈ ದೃಷ್ಟಿಯಿಂದ ವಿಚಾರಯೋಗ್ಯವಾದುದು.

1875ರ ನವೆಂಬರ್ 20ರಂದು ಕುಲೀನ ಮನೆತನದಲ್ಲಿ ಜನಿಸಿದ ಇವರು ನ್ಯಾಯಶಾಸ್ತ್ರವನ್ನು ವ್ಯಾಸಂಗ ಮಾಡಿ ವಿದೇಶಾಂಗ ಸೇವೆಯನ್ನು ಸೇರಿದರು. ಮೊದಲನೆಯ ಮಹಾಯುದ್ಧದಲ್ಲಿ ಫಿರಂಗಿದಳದ ಅಧಿಕಾರಿಯಾಗಿದ್ದರು. ಮುಂದೆ ಪರ್ಷಿಯ, ರುಮೇನಿಯಗಳಲ್ಲಿ ಸೇವೆ ಸಲ್ಲಿಸಿ, 1934ರಲ್ಲಿ ಮಾಸ್ಕೋದಲ್ಲಿ ರಾಯಭಾರಿಯಾದರು. ನಾಜಿ ಪಕ್ಷದ ಸದಸ್ಯರೂ ಆದರು. 1939ರ ಆಗಸ್ಟ್ 23ರ ಜರ್ಮನ್-ಸೋವಿಯತ್ ಒಪ್ಪಂದಕ್ಕಾಗಿ ಶ್ರಮಿಸಿದರು. ಅದರ ರಹಸ್ಯ ಅನುಬಂಧವು ಪೋಲೆಂಡನ್ನು ಹಂಚಿಕೊಳ್ಳಲು ದಾರಿ ಮಾಡಿತೆಂಬುದನ್ನು ಮರೆಯಲಾಗದು.

ಆದರೆ ರಷ್ಯದ ಮೇಲಿನ ಯುದ್ಧವು ಜರ್ಮನಿಗೆ ವಿನಾಶಕರವೆಂದು ಅವರು ಬಲ್ಲವರಾಗಿದ್ದರು. 1941ರ ಏಪ್ರಿಲ್ 28ರಂದು ಹಿಟ್ಲರನನ್ನು ಕಂಡು, ರಷ್ಯವು ಆಕ್ರಮಣ ಮಾಡಲಾರದೆಂದು ನಿವೇದಿಸಿದರು, ಫಲಿಸಲಿಲ್ಲ. ಮೇ ತಿಂಗಳಲ್ಲಿ, ರಾಜದ್ರೋಹದ ಆಪಾದನೆಗೂ ಅಂಜದೆ, ಸೋವಿಯತ್ ರಾಯಭಾರಿ ಡೆಕನೋಜೊವ್‌ಗೆ ಅಪಾಯದ ಸೂಚನೆಯಿತ್ತರು; ಸ್ಟಾಲಿನ್ ನಂಬಲಿಲ್ಲ. ಜೂನ್ 22ರ ನಸುಕಿನಲ್ಲಿ, ತಾವು ತಡೆಯಲೆಳಸಿದ ಯುದ್ಧದ ಸಂದೇಶವನ್ನು ಮೊಲೊಟೊವ್‌ಗೆ ತಾವೇ ಒಪ್ಪಿಸಬೇಕಾಯಿತು.

ತರುವಾಯ ಅವರು ಹಿಟ್ಲರ್-ವಿರೋಧಿಗಳ ಜೊತೆಗೂಡಿದರು. ಹೊಸ ಸರ್ಕಾರದ ವಿದೇಶಾಂಗ ಸಚಿವ ಸ್ಥಾನಕ್ಕೆ ಅವರ ಹೆಸರು ಸೂಚಿತವಾಗಿತ್ತು. 1944ರ ಜುಲೈ 20ರ ಹತ್ಯಾಯತ್ನ ವಿಫಲವಾಯಿತು. ನವೆಂಬರ್ 10ರಂದು, ಅರವತ್ತೊಂಬತ್ತು ತುಂಬಲು ಹತ್ತೇ ದಿನಗಳಿರುವಾಗ, ಬರ್ಲಿನ್ನಿನ ಪ್ಲೋಟ್ಸೆನ್ಸೇ ಸೆರೆಮನೆಯಲ್ಲಿ ಅವರನ್ನು ಗಲ್ಲಿಗೇರಿಸಲಾಯಿತು.

ಅವರು ನಿರ್ದೋಷಿಯಲ್ಲ, ಅವರ ಎಚ್ಚರ ತಡವಾಗಿ ಬಂದಿತು. ಆದರೂ ಬಂದ ಎಚ್ಚರವನ್ನು ಅವರು ಅದುಮಿಡಲಿಲ್ಲ. ವಿದ್ಯಾವಂತನು ಅನ್ಯಾಯವನ್ನು ಅದರ ಮೊಳಕೆಯಲ್ಲಿಯೇ ಗುರುತಿಸಬೇಕು, ಗುರುತಿಸಿದ ಮೇಲೆ ಸುಮ್ಮನಿರಬಾರದು ಎಂಬ ಎರಡು ಪಾಠಗಳೂ ಈ ಒಂದೇ ಜೀವನದಲ್ಲಿವೆ.