ಆರು ಜನರ ತಂಡಕ್ಕೆ ಜಿರಾ ಬೇಕೆ?

ಹುಬ್ಬಳ್ಳಿಯಲ್ಲಿ ಆರು ಮಂದಿಯ ಸಾಫ್ಟ್‌ವೇರ್ ತಂಡ ನಡೆಸುತ್ತಿರುವ ನೀವು ಕೆಲಸದ ಪಟ್ಟಿ ಇಡಲು ಜಿರಾ ಹಿಡಿಯಲೋ, ಟ್ರೆಲ್ಲೊ ಸಾಕೋ ಎಂದು ಕೇಳಿದ್ದೀರಿ. ಈಗ ಎರಡೂ ಒಂದೇ ಮನೆಯವು. 2002ರಲ್ಲಿ ಜಿರಾ ತಂದ ಅಟ್ಲಾಸಿಯನ್, 2017ರಲ್ಲಿ ಟ್ರೆಲ್ಲೊವನ್ನೂ ಕೊಂಡುಕೊಂಡಿತು. 10 ಮಂದಿಯವರೆಗೆ ಜಿರಾ ಉಚಿತವಾಗಿಯೇ ಸಿಗುತ್ತದೆ. ಹಾಗಾಗಿ ನಿಮಗೆ ದುಡ್ಡು ದೊಡ್ಡ ಪ್ರಶ್ನೆಯಲ್ಲ.

ನಿಮ್ಮ ಪತ್ರದಲ್ಲಿ ನನ್ನನ್ನು ಕಾಡಿದ್ದು ಬೇರೆ ಸಂಗತಿ. ಗ್ರಾಹಕರು ಕೇಳಿದ ಬದಲಾವಣೆ ವಾಟ್ಸ್ಆ್ಯಪ್‌ನಲ್ಲಿ, ದೋಷಗಳ ಪಟ್ಟಿ ಎಕ್ಸೆಲ್‌ನಲ್ಲಿ, ಕೋಡ್ ಗಿಟ್‌ಹಬ್‌ನಲ್ಲಿ ಇದೆ. ಇದಕ್ಕೆ ನಾಲ್ಕನೆಯ ಜಾಗ ಸೇರಿಸಿದರೆ ಅತ್ತ ಯಾರೂ ತಿರುಗಿ ನೋಡುವುದಿಲ್ಲ. ಕೋಡ್ ಇರುವಲ್ಲೇ ಕೆಲಸದ ಪಟ್ಟಿಯೂ ಇರಲಿ. ಗಿಟ್‌ಹಬ್‌ನ ಇಶ್ಯೂಸ್ ಮತ್ತು ಪ್ರಾಜೆಕ್ಟ್ಸ್ ನಿಮಗೆ ಧಾರಾಳವಾಯಿತು. ಪುಲ್ ರಿಕ್ವೆಸ್ಟಿನ ವಿವರಣೆಯಲ್ಲಿ ‘ಫಿಕ್ಸಸ್’ ಎಂದು ಇಂಗ್ಲಿಷಿನಲ್ಲಿ ಬರೆದು ಇಶ್ಯೂ ಸಂಖ್ಯೆ ಹಾಕಿದರೆ, ಕೋಡ್ ಮುಖ್ಯ ಶಾಖೆಗೆ ಸೇರಿದೊಡನೆ ಆ ಇಶ್ಯೂ ತಾನಾಗಿ ಮುಚ್ಚಿಕೊಳ್ಳುತ್ತದೆ. ‘ಅದು ಮುಗೀತಾ?’ ಎಂದು ಹಿಂದೆ ಬೀಳುವ ಕಾಟ ಅಷ್ಟು ಕಡಿಮೆ.

ಬೋರ್ಡಿನಲ್ಲಿ ಮೂರೇ ಕಾಲಂ ಇಡಿ: ಮಾಡಬೇಕು, ನಡೆಯುತ್ತಿದೆ, ಮುಗಿದಿದೆ. ನಡುವಿನದಕ್ಕೆ ಮಿತಿ ಹಾಕಿ. ಒಬ್ಬರ ಹೆಸರಲ್ಲಿ ಎರಡಕ್ಕಿಂತ ಹೆಚ್ಚು ಕೆಲಸ ಬೇಡ. ಟೊಯೊಟಾ ಕಾರ್ಖಾನೆಯಿಂದ ಬಂದ ಕಾನ್‌ಬಾನ್ ಪದ್ಧತಿಯ ಜೀವಾಳವೇ ಈ ಮಿತಿ. ಬಹಳ ತಂಡಗಳು ಕಾರ್ಡುಗಳನ್ನು ಇಟ್ಟುಕೊಂಡು ಮಿತಿಯನ್ನು ಮಾತ್ರ ಕೈಬಿಡುತ್ತವೆ.

ಹಲವು ತಂಡಗಳು ಸೇರಿ ಒಂದೇ ಬಿಡುಗಡೆಗೆ ದುಡಿಯುವಾಗ, ಅಥವಾ ಹಂತ ಹಂತದ ಅನುಮೋದನೆಗೆ ದಾಖಲೆ ಕೇಳುವ ಬ್ಯಾಂಕಿನಂಥ ಗ್ರಾಹಕರು ಬಂದಾಗ ಜಿರಾ ನೋಡಿ. ಅಲ್ಲಿಯತನಕ ಬೇಡ. ವಾಟ್ಸ್ಆ್ಯಪ್‌ನಲ್ಲಿ ಬಂದ ಕೋರಿಕೆ ಇಶ್ಯೂ ಆಗುವವರೆಗೆ ಯಾರೂ ಕೋಡ್ ಮುಟ್ಟಬಾರದು ಎಂದು ನಾಳೆಯೇ ತಂಡಕ್ಕೆ ಹೇಳಿಬಿಡಿ.