ಎಲ್ಲರನ್ನೂ ಒಮ್ಮೆಲೇ ಕೇಳುವ ಮೆಮೊರಿ

ಮಕ್ಕಳೇ, ನಿಮ್ಮ ಶಾಲೆಯ ದಾಖಲಾತಿ ಪುಸ್ತಕವನ್ನು ನೋಡಿದ್ದೀರಾ? "ಕ್ರಮಸಂಖ್ಯೆ 17 ಯಾರು?" ಎಂದು ಕೇಳಿದರೆ ಗುರುಗಳು ನೇರವಾಗಿ 17ನೇ ಸಾಲಿಗೆ ಬೆರಳಿಟ್ಟು ಹೆಸರು ಹೇಳುತ್ತಾರೆ. ಆದರೆ "ಜೂನ್ 5ರಂದು ಹುಟ್ಟಿದವರು ಯಾರು?" ಎಂದು ಕೇಳಿದರೆ? ಮೊದಲ ಸಾಲಿನಿಂದ ಒಂದೊಂದನ್ನೇ ಓದುತ್ತಾ ಹೋಗಬೇಕು. ಆ ಹೆಸರು ಕೊನೆಯ ಸಾಲಿನಲ್ಲಿದ್ದರೆ ಇಡೀ ಪುಸ್ತಕವನ್ನೇ ಓದಿದಂತಾಗುತ್ತದೆ.

ಇದಕ್ಕೆ ಇನ್ನೊಂದು ಉಪಾಯವಿದೆ. ಗುರುಗಳು ಪುಸ್ತಕ ಮುಚ್ಚಿಟ್ಟು ಇಡೀ ತರಗತಿಯನ್ನೇ ಕೇಳಬಹುದು. ಪ್ರತಿಯೊಬ್ಬರೂ ತಮ್ಮ ಹುಟ್ಟಿದ ದಿನವನ್ನು ನೆನಪಿಸಿಕೊಳ್ಳುತ್ತಾರೆ. ಹೊಂದಿಕೆಯಾದವರು ಕೈ ಎತ್ತುತ್ತಾರೆ. ಮಕ್ಕಳು 40 ಇರಲಿ, 400 ಇರಲಿ, ಒಂದೇ ಪ್ರಶ್ನೆ ಸಾಕು.

ಕಂಪ್ಯೂಟರ್ ಲೋಕದಲ್ಲೂ ಈ ಎರಡು ಬಗೆಯ ಮೆಮೊರಿಗಳಿವೆ. ಸಾಮಾನ್ಯ ಮೆಮೊರಿಗೆ ನಾವು ಸಾಲಿನ ಸಂಖ್ಯೆಯನ್ನು, ಅಂದರೆ ವಿಳಾಸವನ್ನು ಕೊಡಬೇಕು. ಅದು ಆ ಸಾಲಿನಲ್ಲಿರುವ ಮಾಹಿತಿಯನ್ನು ಕೊಡುತ್ತದೆ. ಎರಡನೆಯ ಬಗೆಗೆ ನಾವು ಮಾಹಿತಿಯನ್ನೇ ಕೊಡುತ್ತೇವೆ. ಅದು ಯಾವ ಸಾಲಿನಲ್ಲಿದೆ ಎಂದು ಮೆಮೊರಿಯೇ ಹೇಳುತ್ತದೆ. ಇದರ ಹೆಸರು ಕಂಟೆಂಟ್ ಅಡ್ರೆಸಬಲ್ ಮೆಮೊರಿ. ಚಿಕ್ಕದಾಗಿ ಇದನ್ನು ಕ್ಯಾಮ್ ಎನ್ನುತ್ತಾರೆ.

ಮಾಡಿ ನೋಡಿ

ಬೇಕಾಗುವ ಸಾಮಗ್ರಿ: ಏಳು ಚೀಟಿಗಳು, ಸೀಮೆಸುಣ್ಣ, ಏಳು ಮಂದಿ ಗೆಳೆಯರು.

ಮೊದಲು ಐದು ಮಂದಿ ಸಾಲಾಗಿ ನಿಲ್ಲಿ. ಒಬ್ಬೊಬ್ಬರೂ ಒಂದೊಂದು ಪಿನ್‌ಕೋಡ್ ಬರೆದ ಚೀಟಿ ಹಿಡಿಯಿರಿ.

1. ವೈಟ್‌ಫೀಲ್ಡ್ 560066
2. ಎಲೆಕ್ಟ್ರಾನಿಕ್ ಸಿಟಿ 560100
3. ಪೀಣ್ಯ 560058
4. ಆನೇಕಲ್ 562106
5. ಹೊಸಕೋಟೆ 562114

ಗುರುಗಳು 560066 ಎಂಬ ಸಂಖ್ಯೆಯನ್ನು ಒಂದೊಂದೇ ಅಂಕಿಯಾಗಿ ಕೂಗಲಿ. ಕೂಗಿದ ಅಂಕಿ ನಿಮ್ಮ ಚೀಟಿಯ ಅದೇ ಸ್ಥಾನದಲ್ಲಿ ಇಲ್ಲದಿದ್ದರೆ ತಕ್ಷಣ ಕುಳಿತುಬಿಡಿ. 5, 6 ಎಂದಾಗ ಯಾರೂ ಕೂರುವುದಿಲ್ಲ. ಮೂರನೆಯ ಅಂಕಿ 0 ಎಂದೊಡನೆ ಆನೇಕಲ್ ಮತ್ತು ಹೊಸಕೋಟೆ ಕೂರುತ್ತವೆ. ನಾಲ್ಕನೆಯದಕ್ಕೆ ಎಲೆಕ್ಟ್ರಾನಿಕ್ ಸಿಟಿ, ಐದನೆಯದಕ್ಕೆ ಪೀಣ್ಯ. ಕೊನೆಗೆ ನಿಂತಿರುವುದು ವೈಟ್‌ಫೀಲ್ಡ್ ಮಾತ್ರ. ಆ ವಿದ್ಯಾರ್ಥಿ "ಸಾಲು 1" ಎಂದು ಹೇಳಲಿ.

ಗಮನಿಸಿ, ಇಲ್ಲಿ ಯಾರೂ ಯಾರನ್ನೂ ಹುಡುಕಲಿಲ್ಲ. ಹೊಂದಿಕೆಯಾಗದವರು ತಾವಾಗಿಯೇ ಕುಳಿತರು, ಅಷ್ಟೆ.

ಚಿಪ್ಪಿನ ಒಳಗೆ

ಸಿಲಿಕಾನ್ ಎಂಬ ಅರೆವಾಹಕದಿಂದ ಮಾಡಿದ ಚಿಪ್ಪಿನಲ್ಲಿ ನಡೆಯುವುದೂ ಇದೇ ಆಟ. ಅಲ್ಲಿ ಅಂಕಿಗಳು 0 ಮತ್ತು 1 ಮಾತ್ರ. ಪ್ರತಿ ಸಾಲಿಗೂ ಒಂದು ಸೂಕ್ಷ್ಮವಾದ ಹೊಂದಿಕೆ ತಂತಿ ಇರುತ್ತದೆ. ಹುಡುಕುವ ಮೊದಲು ಎಲ್ಲ ಸಾಲುಗಳ ತಂತಿಗಳಿಗೂ ವಿದ್ಯುದಾವೇಶ ತುಂಬುತ್ತಾರೆ. ಎಲ್ಲರೂ ಎದ್ದು ನಿಂತ ಹಾಗೆ! ಆಮೇಲೆ ಹುಡುಕಬೇಕಾದ ಸಂಖ್ಯೆಯನ್ನು ಎಲ್ಲ ಸಾಲುಗಳಿಗೂ ಕಳುಹಿಸುತ್ತಾರೆ. ಒಂದು ಅಂಕಿ ಹೊಂದದಿದ್ದರೂ ಆ ಸಾಲಿನ ಆವೇಶ ಬರಿದಾಗುತ್ತದೆ. ಆವೇಶ ಉಳಿಸಿಕೊಂಡ ಸಾಲೇ ಉತ್ತರ. ನಾವು ಅಂಕಿಗಳನ್ನು ಒಂದೊಂದಾಗಿ ಕೂಗಿದೆವು. ಚಿಪ್ಪು ಎಲ್ಲ ಅಂಕಿಗಳನ್ನೂ ಒಟ್ಟಿಗೆ ಕೂಗುತ್ತದೆ.

ನಕ್ಷತ್ರದ ಚೀಟಿ

ಈಗ ಉಳಿದ ಇಬ್ಬರು ಬನ್ನಿ. ಆರನೆಯ ಚೀಟಿಯಲ್ಲಿ 560*** ಎಂದೂ ಏಳನೆಯದರಲ್ಲಿ 56**** ಎಂದೂ ಬರೆಯಿರಿ. ನಕ್ಷತ್ರದ ಅರ್ಥ "ಇಲ್ಲಿ ಯಾವ ಅಂಕಿ ಬಂದರೂ ಸರಿ". ಗುರುಗಳು ಮಾರತ್‌ಹಳ್ಳಿಯ 560037 ಕೂಗಲಿ. ಮೊದಲ ಐವರೂ ಕೂರುತ್ತಾರೆ. ಆರು ಮತ್ತು ಏಳು ನಿಂತೇ ಇರುತ್ತಾರೆ. ಇಬ್ಬರಲ್ಲಿ ಯಾರ ಮಾತು ಕೇಳಬೇಕು? ನಕ್ಷತ್ರ ಕಡಿಮೆ ಇರುವವರದು. ಏಕೆಂದರೆ ಅವರಿಗೆ ಊರಿನ ಬಗ್ಗೆ ಹೆಚ್ಚು ಖಚಿತವಾಗಿ ಗೊತ್ತು. ನಕ್ಷತ್ರ ಕಡಿಮೆ ಇರುವವರನ್ನು ಸಾಲಿನಲ್ಲಿ ಮುಂದೆ ನಿಲ್ಲಿಸಿದರೆ, ನಿಂತವರಲ್ಲಿ ಮೊದಲನೆಯವರನ್ನು ಆರಿಸಿದರೆ ಸಾಕು. ಹೀಗೆ 0, 1 ಮತ್ತು ನಕ್ಷತ್ರ ಎಂಬ ಮೂರು ಗುರುತು ಬಲ್ಲ ಮೆಮೊರಿಗೆ ಟಿ-ಕ್ಯಾಮ್ ಎಂದು ಹೆಸರು.

ಇಷ್ಟು ಅವಸರ ಯಾರಿಗೆ?

ಇಂಟರ್‌ನೆಟ್ಟಿಗೆ! ನೀವು ಮೊಬೈಲಿನಲ್ಲಿ ಒಂದು ಚಿತ್ರ ಕಳುಹಿಸಿದರೆ ಅದು ಸಣ್ಣ ಸಣ್ಣ ಪೊಟ್ಟಣಗಳಾಗಿ ಹೊರಡುತ್ತದೆ. ಪ್ರತಿ ಪೊಟ್ಟಣದ ಮೇಲೂ ಒಂದು ವಿಳಾಸವಿರುತ್ತದೆ. ದಾರಿಯಲ್ಲಿ ರೂಟರ್ ಎಂಬ ಯಂತ್ರಗಳು ಅಂಚೆ ವಿಂಗಡಿಸುವವರಂತೆ ವಿಳಾಸ ಓದಿ, ಯಾವ ಕಡೆಗೆ ಕಳುಹಿಸಬೇಕೆಂದು ತೀರ್ಮಾನಿಸುತ್ತವೆ.

ಸೆಕೆಂಡಿಗೆ 100 ಗಿಗಾಬಿಟ್ ಸಾಗಿಸುವ ಒಂದು ಮಾರ್ಗದಲ್ಲಿ ತೀರ ಚಿಕ್ಕ ಪೊಟ್ಟಣಗಳೇ ಬಂದರೆ, ಸೆಕೆಂಡಿಗೆ ಸುಮಾರು 14 ಕೋಟಿ 88 ಲಕ್ಷ ಪೊಟ್ಟಣಗಳು ಬರಬಹುದು. ಒಂದೊಂದಕ್ಕೂ ಸಿಗುವ ಸಮಯ 7 ನ್ಯಾನೊಸೆಕೆಂಡಿಗಿಂತ ಕಡಿಮೆ. ಒಂದು ಸೆಕೆಂಡನ್ನು 100 ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೊಸೆಕೆಂಡ್. ಬೆಳಕು ಕೂಡ ಅಷ್ಟು ಹೊತ್ತಿನಲ್ಲಿ ಸಾಗುವುದು ಸುಮಾರು 2 ಮೀಟರ್ ಮಾತ್ರ! ಅಷ್ಟರೊಳಗೆ ಲಕ್ಷಾಂತರ ಸಾಲುಗಳನ್ನು ಒಂದೊಂದಾಗಿ ಓದಲು ಸಾಧ್ಯವೇ? ಆದ್ದರಿಂದಲೇ ಅನೇಕ ದೊಡ್ಡ ರೂಟರ್‌ಗಳಲ್ಲಿ ಟಿ-ಕ್ಯಾಮ್ ಬಳಸುತ್ತಾರೆ. ಮನೆಯಲ್ಲಿರುವ ಚಿಕ್ಕ ರೂಟರಿಗೆ ಇದರ ಅಗತ್ಯವಿಲ್ಲ.

ವೇಗಕ್ಕೆ ತೆರುವ ಬೆಲೆ

ಹಾಗಾದರೆ ಎಲ್ಲ ಕಂಪ್ಯೂಟರುಗಳಿಗೂ ಇದೇ ಮೆಮೊರಿ ಹಾಕಬಹುದಲ್ಲ? ಆಟವನ್ನು ಮತ್ತೆ ನೆನಪಿಸಿಕೊಳ್ಳಿ. ಒಂದು ಪ್ರಶ್ನೆಗೆ ಎಲ್ಲರೂ ಎದ್ದು ನಿಲ್ಲಬೇಕಾಯಿತು. ನೂರು ಸಲ ಕೇಳಿದರೆ ನೂರು ಸಲ ಎಲ್ಲರೂ ಏಳಬೇಕು. ಕಾಲು ನೋಯುವುದಿಲ್ಲವೇ? ಚಿಪ್ಪಿಗೂ ಹಾಗೆಯೇ. ಪ್ರತಿ ಹುಡುಕಾಟಕ್ಕೂ ಎಲ್ಲ ಸಾಲುಗಳೂ ದುಡಿಯುವುದರಿಂದ ವಿದ್ಯುತ್ ಹೆಚ್ಚು ಬೇಕು, ಬಿಸಿಯೂ ಹೆಚ್ಚು. ಜಾಗವೂ ಹೆಚ್ಚು ಬೇಕು. ವೇಗದ ಸಾಮಾನ್ಯ ಮೆಮೊರಿಯ ಒಂದು ಕೋಶಕ್ಕೆ 6 ಟ್ರಾನ್ಸಿಸ್ಟರ್ ಸಾಕು. ಟಿ-ಕ್ಯಾಮ್ ಕೋಶಕ್ಕೆ ಸಾಮಾನ್ಯವಾಗಿ 16 ಬೇಕು. ಹಾಗಾಗಿ ಇದನ್ನು ಅಳೆದು ಸುರಿದು ಬಳಸುತ್ತಾರೆ.

ಅಳತೆ ಸಾಲದೇ ಹೋದರೆ ಏನಾಗುತ್ತದೆ ಎಂಬುದು 2014ರ ಆಗಸ್ಟ್ 12ರಂದು ಜಗತ್ತಿಗೆ ತಿಳಿಯಿತು. ಇಂಟರ್‌ನೆಟ್ಟಿನ ಮುಖ್ಯ ದಾರಿಗಳ ಪಟ್ಟಿ ಅಂದು ಸುಮಾರು 5 ಲಕ್ಷ 12 ಸಾವಿರ ಸಾಲುಗಳನ್ನು ದಾಟಿತು. ಹಳೆಯ ಅನೇಕ ರೂಟರ್‌ಗಳ ಟಿ-ಕ್ಯಾಮ್‌ನಲ್ಲಿ ಈ ಪಟ್ಟಿಗೆ ಮೀಸಲಿಟ್ಟ ಜಾಗ ಅಷ್ಟೇ ಇತ್ತು. 40 ಮಕ್ಕಳ ಕೊಠಡಿಗೆ 41ನೆಯವರು ಬಂದಂತಾಯಿತು. ಹಲವು ದೇಶಗಳಲ್ಲಿ ಇಂಟರ್‌ನೆಟ್ ನಿಧಾನವಾಯಿತು, ಕೆಲವೆಡೆ ನಿಂತೇಹೋಯಿತು. ಎಂಜಿನಿಯರುಗಳು ಮೆಮೊರಿಯ ಜಾಗವನ್ನು ಮರುಹಂಚಿಕೆ ಮಾಡಿ, ಹಳೆಯ ಯಂತ್ರಗಳನ್ನು ಬದಲಿಸಿ ಸರಿಪಡಿಸಬೇಕಾಯಿತು. ಇಂದು ಆ ಪಟ್ಟಿ 9 ಲಕ್ಷ ಸಾಲುಗಳನ್ನೂ ದಾಟಿದೆ.

ನಮ್ಮ ಊರಿನಲ್ಲಿ

ಇಂತಹ ಯಂತ್ರಗಳ ಕೆಲಸ ದೂರದ ದೇಶದಲ್ಲಷ್ಟೇ ನಡೆಯುತ್ತದೆ ಎಂದುಕೊಳ್ಳಬೇಡಿ. ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆ ಜಾಗದಲ್ಲಿ 1970ರ ದಶಕದ ಕೊನೆಯಲ್ಲಿ ಕಿಯೋನಿಕ್ಸ್ ಸಂಸ್ಥೆ ಎಲೆಕ್ಟ್ರಾನಿಕ್ ಸಿಟಿಯನ್ನು ಆರಂಭಿಸಿತು. ಇದು ಆರ್. ಕೆ. ಬಾಳಿಗ ಅವರ ಕನಸು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದು ಚಿಪ್ ವಿನ್ಯಾಸ ಆರಂಭಿಸಿತು. 2000ದಲ್ಲಿ ಹುಟ್ಟಿದ ತೇಜಸ್ ನೆಟ್‌ವರ್ಕ್ಸ್ ಎಲೆಕ್ಟ್ರಾನಿಕ್ ಸಿಟಿಯಲ್ಲಿದ್ದು, ಪೊಟ್ಟಣಗಳನ್ನು ಸಾಗಿಸುವ ಜಾಲ ಉಪಕರಣಗಳನ್ನು ರೂಪಿಸುತ್ತದೆ. ರೂಟರ್ ತಯಾರಿಸುವ ಸಿಸ್ಕೊ 2007ರಲ್ಲಿ ಹೊರ ವರ್ತುಲ ರಸ್ತೆಯ ಬಳಿ ತನ್ನ ದೊಡ್ಡ ಕೇಂದ್ರವನ್ನು ತೆರೆಯಿತು. ನಿಮ್ಮ ಮನೆಯವರೇ ಇಂತಹ ಕಡೆ ಕೆಲಸಕ್ಕೆ ಹೋಗುತ್ತಿರಬಹುದು. ಅಲ್ಲಿ ನಡೆಯುವ ಲೆಕ್ಕಾಚಾರದ ಒಂದು ಭಾಗವನ್ನು ಈಗ ನೀವು ಏಳು ಚೀಟಿಗಳಿಂದ ಆಡಿ ತಿಳಿದಿರಿ.

ಯೋಚಿಸಿ ಉತ್ತರಿಸಿ

1. ಏಳು ಮಂದಿ ನಿಂತಿರುವಾಗ ಕೋಲಾರದ 563101 ಕೂಗಿದರೆ ಕೊನೆಗೆ ಯಾರು ಉಳಿಯುತ್ತಾರೆ?
2. ತುಮಕೂರಿನ 572101 ಕೂಗಿದರೆ ಯಾರೂ ಉಳಿಯುವುದಿಲ್ಲ. ಯಾವ ಸಂಖ್ಯೆ ಬಂದರೂ ಒಬ್ಬರಾದರೂ ಉಳಿಯಬೇಕಾದರೆ ಎಂಟನೆಯ ಚೀಟಿಯಲ್ಲಿ ಏನು ಬರೆಯಬೇಕು?
3. 56**** ಚೀಟಿಯವರನ್ನು ಸಾಲಿನ ಮೊದಲಿಗೆ ನಿಲ್ಲಿಸಿದರೆ ಯಾವ ತಪ್ಪು ಆಗುತ್ತದೆ?

ಶಿಕ್ಷಕರ ಗಮನಕ್ಕೆ: 40 ಹೆಸರುಗಳ ಪಟ್ಟಿಯನ್ನು ಒಂದೊಂದಾಗಿ ಓದಿ ಹುಡುಕಲು ಎಷ್ಟು ಸೆಕೆಂಡು ಬೇಕು, ಎಲ್ಲರನ್ನೂ ಒಟ್ಟಿಗೆ ಕೇಳಿದರೆ ಎಷ್ಟು ಬೇಕು ಎಂಬುದನ್ನು ಗಡಿಯಾರ ಹಿಡಿದು ಮಕ್ಕಳಿಂದಲೇ ಅಳೆಯಿಸಿ. ಎರಡೂ ವಿಧಾನಗಳಲ್ಲಿ ಎಷ್ಟು ಮಂದಿ ಕೆಲಸ ಮಾಡಬೇಕಾಯಿತು ಎಂಬುದನ್ನೂ ಪಕ್ಕದಲ್ಲಿ ಬರೆಸಿ. ಮುಂದಿನ ಚರ್ಚೆಗೆ ಆ ಪಟ್ಟಿಯೇ ಸಾಕು.